ಗೊತ್ತಿಲ್ಲದವರ ಹತ್ತಿರ ಇಟ್ಟ ಗಂಟು

ನಮ್ಮ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಗುಮಾನಕ್ಕನದು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದು ಬಳಕೆಯಲ್ಲಿರಲಿಲ್ಲ. ಕಂಡದ್ದರ ಮೇಲೆಲ್ಲ ಗುಮಾನಿ, ಅದಕ್ಕೇ ಗುಮಾನಕ್ಕ. ಎದುರಿಗೇ ಹಾಗೆ ಕರೆದರೂ ಅವಳಿಗೆ ಬೇಜಾರಿರಲಿಲ್ಲ. "ಗುಮಾನಿ ಇದ್ದೋಳು ಬದುಕ್ತಾಳೆ, ನಂಬಿದೋಳು ನಾಮ ಹಾಕಿಸ್ಕೊಳ್ತಾಳೆ" ಅನ್ನುತ್ತಿದ್ದಳು.

ನಾನು ಮುಂದಿನ ಕೌಂಟರಿನವಳು. ಬಂದವರ ಹೆಸರು ಬರೆದುಕೊಂಡು, ಚೀಟಿ ಅಂಟಿಸಿದ ಖಾಲಿ ನಳಿಕೆಗಳನ್ನು ಕೊಟ್ಟು ಅವಳ ಪರದೆಯ ಹಿಂದಕ್ಕೆ ಕಳಿಸುವುದು ನನ್ನ ಕೆಲಸ. ಅವಳ ಕೈ ಹಗುರ. ಸೂಜಿ ಚುಚ್ಚಿದ್ದು ಮಕ್ಕಳಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಚುಚ್ಚುವ ಮುಂಚೆ "ನಿಮ್ಮ ಹೆಸರು ನೀವೇ ಹೇಳಿ" ಅಂತ ಕೇಳಿ, ಹೇಳಿದ ಮೇಲೆ ಮುಖವನ್ನೊಮ್ಮೆ ದಿಟ್ಟಿಸಿ ನೋಡುತ್ತಿದ್ದಳು, ಆ ಮನುಷ್ಯ ಯಾರದೋ ತೋಳು ಕದ್ದು ತಂದಿದ್ದಾನೆ ಅನ್ನುವ ಹಾಗೆ. ಬೀರುವಿಗೆ ಬೀಗ ಹಾಕಿ, ಜಗ್ಗಿ ನೋಡಿ, ಬಾಗಿಲತನಕ ಹೋಗಿ, ಮತ್ತೆ ಬಂದು ಜಗ್ಗುತ್ತಿದ್ದಳು. ಕಂಪ್ಯೂಟರಿನ ಮುಂದೆ ಕೂತು ಪಾಸ್‌ವರ್ಡ್ ಒತ್ತುವಾಗಲಂತೂ ಮರಿಗಳ ಮೇಲೆ ಕೂತ ಹೇಂಟೆಯ ಹಾಗೆ ಇಡೀ ಮೈಯನ್ನು ಕೀಲಿಮಣೆಯ ಮೇಲೆ ಹೊದಿಸಿಬಿಡುತ್ತಿದ್ದಳು.

ಮನೆಯಲ್ಲೂ ಅದೇ ಪಾಡು. ಮೇಲಿನ ಮಹಡಿಯಲ್ಲಿ ಅವಳು, ಅವಳ ಗಂಡ. ಕೆಳಗೆ ಮೈದುನ, ಓರಗಿತ್ತಿ. ಗಂಡ ಪುಸ್ತಕ ಬೈಂಡಿಂಗ್ ಮಾಡುವವನು, ಗೋಂದು ಬಳಿದ ಹಾಗೆ ತುಟಿ ಅಂಟಿಕೊಂಡೇ ಇರುವ ಮನುಷ್ಯ. ಮೆಟ್ಟಿಲು ಒಂದೇ, ನೀರಿನ ತೊಟ್ಟಿ ಒಂದೇ, ಬಟ್ಟೆ ಒಣಗಿಸುವ ತಂತಿಯೂ ಒಂದೇ. ಇನ್ನು ಓರಗಿತ್ತಿಯರ ವಿಷಯ ಕೇಳಬೇಕೆ? ಆದರೂ ಇಬ್ಬರೂ ಜಗಳವಾಡುವಷ್ಟೇ ನಗುತ್ತಿದ್ದರು. ಒಬ್ಬಳ ಮನೆಯ ಸಾರು ಇನ್ನೊಬ್ಬಳ ಮನೆಗೆ ಹೋಗಿಯೇ ತೀರುತ್ತಿತ್ತು. ಗುಮಾನಕ್ಕ ಮಾತ್ರ ಪಾತ್ರೆ ವಾಪಸ್ ಬಂದ ಮೇಲೆ ಅದನ್ನು ತಿರುಗಿಸಿ ನೋಡುತ್ತಿದ್ದಳು, ಇದು ತನ್ನದೇ ಹೌದೋ ಅಲ್ಲವೋ ಎಂದು.

ಇಷ್ಟೆಲ್ಲ ಹುಷಾರಿನವಳು ಲ್ಯಾಬಿಗೂ, ಬ್ಯಾಂಕಿಗೂ, ಕರೆಂಟ್ ಬಿಲ್ಲಿಗೂ, ಅಂಗಡಿಗಳಿಗೂ ಇಟ್ಟಿದ್ದು ಒಂದೇ ಪಾಸ್‌ವರ್ಡ್. ಸತ್ತುಹೋದ ಬೆಕ್ಕಿನ ಹೆಸರು, ಅದರ ಮುಂದೆ ಮದುವೆಯಾದ ವರ್ಷ. ಇದು ನಮಗೆ ಆಮೇಲೆ ಗೊತ್ತಾದದ್ದು. ಯಾರಿಗೂ ಹೇಳುವುದಿಲ್ಲ, ಎಲ್ಲೂ ಬರೆಯುವುದಿಲ್ಲ, ತಲೆಯಲ್ಲಿರುವುದನ್ನು ಯಾರು ಕದಿಯುತ್ತಾರೆ ಎನ್ನುವುದು ಅವಳ ಲೆಕ್ಕ.

ಒಂದು ಬೆಳಗ್ಗೆ ನರ್ಸರಿ ಶಾಲೆಯ ಟೀಚರ್ ಬಂದಳು. ನಮಗೆ ಹಳೆಯ ಪರಿಚಯ. ಚಿಕ್ಕಂದಿನಲ್ಲಿ ಮೂರ್ಛೆ ಬರುತ್ತಿತ್ತಂತೆ. ಮಾತ್ರೆಯಿಂದ ಹತೋಟಿಗೆ ಬಂದು ವರ್ಷಗಳೇ ಆಗಿದ್ದವು. ಆ ಮಾತ್ರೆಯ ಅಂಶ ರಕ್ತದಲ್ಲಿ ಸರಿಯಾಗಿದೆಯೇ ಅಂತ ಆಗಾಗ ಪರೀಕ್ಷೆ ಮಾಡಿಸಲು ನಮ್ಮಲ್ಲಿಗೆ ಬರುತ್ತಿದ್ದಳು. ಮದುವೆ ಗೊತ್ತಾಗಿತ್ತು. ಆವತ್ತು ಅವಳು ಕುರ್ಚಿಯಲ್ಲಿ ಕೂರಲಿಲ್ಲ. ನಿಂತಲ್ಲೇ ಫೋನನ್ನು ನನ್ನ ಮುಖಕ್ಕೆ ಹಿಡಿದಳು. ನಮ್ಮ ಲ್ಯಾಬಿನ ವರದಿ, ಅವಳ ಹೆಸರು, ಪರೀಕ್ಷೆಯ ಹೆಸರು, ಎಲ್ಲ ಅದರಲ್ಲಿತ್ತು.

"ಇದು ಹುಡುಗನ ತಾಯಿ ಹತ್ರ ಹೇಗೆ ಹೋಯ್ತು?" ಅಂದಳು.

ನಾನು ಪರದೆಯ ಕಡೆ ತಿರುಗಿ ಗುಮಾನಕ್ಕನನ್ನು ಕರೆದೆ.

"ಹುಡುಗನಿಗೆ ನಾನು ಹೇಳಿದ್ದೆ. ಅವರ ಮನೆಯವರಿಗೂ ನಾನೇ ಹೋಗಿ, ಎದುರಿಗೆ ಕೂತು ಹೇಳ್ಬೇಕು ಅಂತಿದ್ದೆ. ಅದು ನಾನು ಹೇಳ್ಬೇಕಾದ ಮಾತು. ನೀವು ನನ್ನ ಬಾಯಿಂದ ಕಿತ್ಕೊಂಡ್ರಿ."

ಗುಮಾನಕ್ಕ ಪರದೆ ಸರಿಸಿ, ಕೈಯಲ್ಲಿ ಹತ್ತಿ ಹಿಡಿದು ನಿಂತಿದ್ದಳು. ಟೀಚರ್ ಹೊರಟುಹೋದ ಮೇಲೂ ಆ ಹತ್ತಿಯನ್ನು ಬೆರಳಲ್ಲಿ ತಿರುವುತ್ತಲೇ ಇದ್ದಳು.

ಲ್ಯಾಬ್ ನಡೆಸುವ ಡಾಕ್ಟರಮ್ಮ ಕೂಡಲೇ ಕಂಪ್ಯೂಟರಿನವನನ್ನು ಕರೆಸಿದರು. ನಡುವಯಸ್ಸಿನ ಮನುಷ್ಯ, ಜೇಬಿನಲ್ಲಿ ಸದಾ ಒಂದು ಸುತ್ತು ವೈರು. ಅವನನ್ನು ನಾವೆಲ್ಲ ತಂತಿಯಣ್ಣ ಅಂತಲೇ ಕರೆಯುತ್ತಿದ್ದೆವು. ಅವನು ಯಾರು ಯಾವಾಗ ಯಾವ ವರದಿ ತೆಗೆದು ನೋಡಿದ್ದಾರೆ ಎಂದು ಹುಡುಕಿ, ತಲೆ ತಗ್ಗಿಸಿಕೊಂಡು ಡಾಕ್ಟರಮ್ಮನ ಕೋಣೆಗೆ ಹೋದ. ಆಮೇಲೆ ಗುಮಾನಕ್ಕನನ್ನು ಒಳಗೆ ಕರೆದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

"ನಿಮ್ಮ ಹೆಸರಲ್ಲೇ ಒಳಗೆ ಹೋಗಿದ್ದಾರೆ. ನಿಮ್ಮದೇ ಪಾಸ್‌ವರ್ಡು," ಅಂದರು ಡಾಕ್ಟರಮ್ಮ.

"ನಾನಲ್ಲ."

"ಮತ್ಯಾರಿಗೆ ಹೇಳಿದ್ರಿ?"

"ನನ್ನ ಗಂಡನಿಗೂ ಹೇಳಿಲ್ಲ ಮೇಡಂ! ನಾನು ಯಾರನ್ನಾದ್ರೂ ನಂಬೋ ಹೆಂಗಸಾ?"

ಡಾಕ್ಟರಮ್ಮ ಕೆಲಸದಿಂದ ತೆಗೆಯಲಿಲ್ಲ. ಪೊಲೀಸರಿಗೆ ದೂರು ಕೊಟ್ಟರು. ಅದು ಇತ್ಯರ್ಥ ಆಗುವತನಕ ಗುಮಾನಕ್ಕ ಕಂಪ್ಯೂಟರ್ ಮುಟ್ಟಬಾರದು, ಸೂಜಿ ಮಾತ್ರ ಮುಟ್ಟಬೇಕು ಎಂದರು. ಅವತ್ತಿನಿಂದ ಅವಳ ಕೆಲಸವನ್ನೂ ನಾನೇ ಕಂಪ್ಯೂಟರಿಗೆ ಹಾಕಬೇಕಾಯಿತು. ಊರಿನವರನ್ನೆಲ್ಲ ಅನುಮಾನದಿಂದ ನೋಡಿದವಳು ಈಗ ತಾನೇ ಅನುಮಾನದ ಕೆಳಗೆ ಕೂತಿದ್ದಳು. ಅವಳು ಬಂದರೆ ಟೀ ಕುಡಿಯುವ ಮೂಲೆಯಲ್ಲಿ ಮಾತು ನಿಲ್ಲುತ್ತಿತ್ತು. ಸೂಕ್ಷ್ಮದರ್ಶಕದ ಮುಂದೆ ಕೂರುವ ಇಬ್ಬರು, ನೆಲ ಒರೆಸುವವಳು, ಮನೆಮನೆಗೆ ಹೋಗಿ ಮಾದರಿ ತರುವ ಡ್ರೈವರ್, ಎಲ್ಲರೂ ಕಣ್ಣಲ್ಲೇ ಮಾತಾಡಿಕೊಳ್ಳುತ್ತಿದ್ದರು.

ಅವಳೂ ಸುಮ್ಮನಿರಲಿಲ್ಲ. ನಮ್ಮೆಲ್ಲರನ್ನೂ ಸರದಿಯಲ್ಲಿ ಶೋಧಿಸಿದಳು. ಡ್ರೈವರಿನ ಹೊಸ ಬೂಟು ಎಲ್ಲಿಂದ ಬಂತು? "ನೆಲ ಒರೆಸೋಳು ನನ್ನ ಮೇಜನ್ನೇ ಯಾಕೆ ಅಷ್ಟು ಹೊತ್ತು ಒರೆಸ್ತಾಳೆ?" ಕೊನೆಗೆ ನನ್ನ ಹತ್ತಿರ ಬಂದು, "ನಿನಗೂ ಆ ಟೀಚರಿಗೂ ಸಲಿಗೆ ಜಾಸ್ತಿ ಅಲ್ವಾ?" ಅಂದಳು.

"ಅಕ್ಕಾ, ಇನ್ನೊಂದು ಮಾತಾಡಿದ್ರೆ ನಾಳೆಯಿಂದ ನಿನ್ನ ಕೆಲಸ ನಾನು ಮಾಡಲ್ಲ," ಅಂದೆ. ಅವಳು ನನ್ನನ್ನೇ ನೋಡಿದಳು. ನಾನು ಸಿಟ್ಟಾದದ್ದೂ ಅವಳಿಗೆ ಒಂದು ಸಾಕ್ಷಿಯ ಹಾಗೆ ಕಂಡಿರಬೇಕು.

ಆದರೆ ಅವಳ ಗುಮಾನಿ ಗಟ್ಟಿಯಾಗಿ ಕೂತದ್ದು ಓರಗಿತ್ತಿಯ ಮೇಲೆ. ಓರಗಿತ್ತಿ ಹೊಲಿಗೆ ಕಲಿಸುತ್ತಿದ್ದಳು. ಹುಡುಗನ ತಾಯಿ ಅಲ್ಲಿಗೆ ಬರುತ್ತಿದ್ದಳು. ಅದೂ ಅಲ್ಲದೆ ಹಿಂದೊಮ್ಮೆ ಗುಮಾನಕ್ಕ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಪಾಸ್‌ವರ್ಡ್ ಒತ್ತುವಾಗ ಓರಗಿತ್ತಿ ಪಕ್ಕದಲ್ಲೇ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಸಾಕಲ್ಲ? ಎರಡಕ್ಕೆ ಎರಡು ಸೇರಿಸಿ ಐದು ಮಾಡಿಕೊಂಡಳು.

ಬಟ್ಟೆಯ ಬಕೆಟ್ಟು ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಓರಗಿತ್ತಿಯನ್ನು ತಡೆದು, "ಆ ಹುಡುಗಿ ಬಾಳು ಹಾಳು ಮಾಡಿ ನಿನಗೇನು ಸಿಕ್ತು?" ಎಂದು ಕೇಳಿದಳು.

ಓರಗಿತ್ತಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಕೆಟ್ಟನ್ನು ಮೆಟ್ಟಿಲ ಮೇಲಿಟ್ಟಳು.

"ನೀನು ಪಾತ್ರೆ ತಿರುಗಿಸಿ ನೋಡ್ತಿದ್ದೆ, ನಾನು ನಗ್ತಿದ್ದೆ. ನನ್ನನ್ನೂ ತಿರುಗಿಸಿ ನೋಡ್ತಿದೀಯಾ?"

"ಕೇಳಿದ್ದಕ್ಕೆ ಉತ್ತರ ಹೇಳು."

"ಉತ್ತರ ಇಲ್ಲ. ಇವತ್ತಿಗೆ ನಿನ್ನ ನನ್ನ ಮಾತು ಮುಗೀತು."

ಹೇಳಿದ ಹಾಗೆ ನಡೆದುಕೊಂಡಳು. ಮೈದುನ ಬಟ್ಟೆಗೆಂದು ಹಿತ್ತಲಲ್ಲಿ ಬೇರೆ ತಂತಿ ಕಟ್ಟಿದ. ಅಣ್ಣತಮ್ಮಂದಿರು ಗೇಟಿನ ಹತ್ತಿರ ನಿಂತು ಗುಸುಗುಸು ಮಾತಾಡಿ ಒಳಗೆ ಬರುತ್ತಿದ್ದರು, ಪಕ್ಕದ ಮನೆಯವರ ಹಾಗೆ.

ಕೆಲವು ವಾರಗಳ ಮೇಲೆ ಪೊಲೀಸರು ಪತ್ತೆ ಮಾಡಿ ಹೇಳಿದರು. ವರದಿ ತೆಗೆದದ್ದು ನಮ್ಮ ಲ್ಯಾಬಿನಿಂದಲ್ಲ, ಗುಮಾನಕ್ಕನ ಮನೆಯಿಂದಲೂ ಅಲ್ಲ. ಪಕ್ಕದ ಬೀದಿಯ ಕನ್ನಡಕದ ಅಂಗಡಿಯ ಇಂಟರ್ನೆಟ್ ಲೈನಿನಿಂದ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ಹುಡುಗನ ದೊಡ್ಡಪ್ಪನ ಮಗ. ಹುಡುಗಿ ಯಾಕೆ ಪದೇಪದೇ ರಕ್ತ ಪರೀಕ್ಷೆ ಮಾಡಿಸುತ್ತಾಳೆ, ಸ್ವಲ್ಪ ವಿಚಾರಿಸು ಎಂದು ಅವನ ಚಿಕ್ಕಮ್ಮ, ಅಂದರೆ ಹುಡುಗನ ತಾಯಿ, ಅವನ ಕಿವಿಯಲ್ಲಿ ಊದಿದ್ದಳು. ಗುಮಾನಕ್ಕ ತನ್ನ ಕನ್ನಡಕ ಮಾಡಿಸಿದ್ದೂ ಅದೇ ಅಂಗಡಿಯಲ್ಲಿ. ರಿಯಾಯಿತಿ ಸಿಗುತ್ತದೆಂದು ಅಂಗಡಿಯ ವೆಬ್‌ಸೈಟಿನಲ್ಲಿ ಸದಸ್ಯಳಾಗಿದ್ದಳು, ಲ್ಯಾಬಿನವರು ಕೊಟ್ಟ ಇಮೇಲ್ ಹಾಕಿ, ಬೆಕ್ಕಿನ ಹೆಸರಿನ ಪಾಸ್‌ವರ್ಡ್ ಕೊಟ್ಟು. ಅವನು ಅದನ್ನು ಓದಿದ, ನಮ್ಮ ಲ್ಯಾಬಿನ ಬಾಗಿಲಿಗೆ ಹಾಕಿ ನೋಡಿದ, ತೆರೆಯಿತು. ಅಷ್ಟೇ.

ಅವನ ಮೇಲೆ ಕೇಸಾಯಿತು. ಮದುವೆ ಮುರಿಯಿತು, ಮುರಿದವಳು ಟೀಚರೇ. "ಕಾಯಿಲೆ ಇದ್ದೋಳನ್ನ ಮನೆಗೆ ತಂದ್ಕೊಳ್ಳೋಕೆ ಅವರಿಗೆ ಭಯ. ಕದ್ದು ನೋಡೋರ ಮನೆಗೆ ಹೋಗೋಕೆ ನನಗೆ ಭಯ" ಅಂದಳಂತೆ.

ಗುಮಾನಕ್ಕ ನನ್ನನ್ನೂ ಕರೆದುಕೊಂಡು ಕನ್ನಡಕದ ಅಂಗಡಿಗೆ ಹೋದಳು. ತನ್ನ ಖಾತೆಯನ್ನು ಕಣ್ಣೆದುರಿಗೇ ಅಳಿಸಬೇಕು ಎಂದು ಪಟ್ಟು ಹಿಡಿದಳು. ಅಂಗಡಿಯ ಯಜಮಾನ ಮುಖ ಸಣ್ಣದು ಮಾಡಿಕೊಂಡು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದ. ಸಾಲುಸಾಲಾಗಿ ಗಿರಾಕಿಗಳ ಹೆಸರು, ಪ್ರತಿ ಹೆಸರಿನ ಪಕ್ಕ ಪಾಸ್‌ವರ್ಡು. ಎಲ್ಲವೂ ಯಾರು ಬೇಕಾದರೂ ಓದುವ ಅಕ್ಷರದಲ್ಲಿ. ಯಾರೋ ಮಗಳ ಹೆಸರಿಟ್ಟಿದ್ದರು, ಯಾರೋ ಪ್ರೇಯಸಿಯದು. ನಡುವೆ ಬೆಕ್ಕಿನ ಹೆಸರು, ಮದುವೆಯ ವರ್ಷ.

"ನಾನು ಮೈಯೆಲ್ಲ ಅಡ್ಡ ಹಾಕಿ ಒತ್ತಿದ್ದು ಇವನು ಹೀಗೆ ಹರವಿಟ್ಟುಕೊಳ್ಳೋಕಾ?" ಅಂದಳು ನನ್ನ ಕಡೆ ತಿರುಗಿ.

"ಸಾಫ್ಟ್‌ವೇರ್ ಮಾಡಿದೋರು ಹೀಗೇ ಮಾಡಿಕೊಟ್ರು ಅಮ್ಮ, ನನಗೇನು ಗೊತ್ತಾಗುತ್ತೆ," ಅಂದ ಯಜಮಾನ.

ಖಾತೆ ಅಳಿಸಿದ್ದನ್ನು ನೋಡಿಕೊಂಡು ಅವಳು ಅಲ್ಲಿಂದ ಹೊರಟಳು. ತನ್ನ ಗೇಟಿನ ಮುಂದೆ ಬಂದಾಗ ಕೆಳಮನೆಯ ಬಾಗಿಲನ್ನು ನೋಡಿದಳು. ಬಡಿಯಲು ಕೈ ಎತ್ತಿದವಳು ಹಾಗೇ ಇಳಿಸಿದಳು. ತಪ್ಪಾಯಿತು ಎನ್ನುವುದು ಅವಳ ನಾಲಿಗೆಗೆ ಬರುವ ಮಾತಲ್ಲ. ಮಾರನೆಯ ದಿನ ಗಂಡನ ಕೈಯಲ್ಲಿ ಸಾರು ಕಳಿಸಿದಳು. ಪಾತ್ರೆ ತುಂಬಿದ ಹಾಗೇ ವಾಪಸ್ ಬಂತು.

ಡಾಕ್ಟರಮ್ಮ ಕ್ಷಮೆ ಕೇಳಿ ಕಂಪ್ಯೂಟರ್ ಕೆಲಸ ಮತ್ತೆ ಕೊಟ್ಟರು. ಈಗ ಗುಮಾನಕ್ಕ ಪ್ರತಿಯೊಂದಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇಟ್ಟಳು. ಇಟ್ಟದ್ದೇನೋ ಸರಿ, ನೆನಪಿರಬೇಕಲ್ಲ? ಬ್ಯಾಂಕಿನದನ್ನು ಲ್ಯಾಬಿಗೆ ಹಾಕಿದಳು, ಲ್ಯಾಬಿನದನ್ನು ಕರೆಂಟ್ ಬಿಲ್ಲಿಗೆ ಹಾಕಿದಳು. ಎಲ್ಲ ಬಾಗಿಲುಗಳೂ ಅವಳನ್ನೇ ಹೊರಗೆ ನಿಲ್ಲಿಸಿದವು. ದಿನಾ ಬೆಳಗಾದರೆ "ತಂತಿಯಣ್ಣಾ, ಮತ್ತೆ ಮುಚ್ಕೊಂಡ್ತು" ಎಂದು ಫೋನು.

ಒಂದು ದಿನ ಅವನು ಎದುರಿಗೆ ಕುರ್ಚಿ ಎಳೆದುಕೊಂಡು ಕೂತ. "ಅಕ್ಕಾ, ಪಾಸ್‌ವರ್ಡ್ ಇಡೋ ತಿಜೋರಿ ಅಂತ ಬರುತ್ತೆ. ಫೋನಿನಲ್ಲಿ ಹಾಕ್ಕೊಳ್ಳಿ. ಎಲ್ಲ ಅದರಲ್ಲಿರುತ್ತೆ. ನೀವು ನೆನಪಿಡಬೇಕಾದ್ದು ಅದರ ಒಂದು ಕೀಲಿಮಾತು ಮಾತ್ರ."

"ಎಲ್ಲ ಒಂದೇ ಕಡೆನಾ? ಕಳ್ಳನಿಗೆ ಮನೆ ತೋರಿಸಿ, ದೀಪ ಬೇರೆ ಹಿಡೀಲಾ?"

"ಬೀಗ ಹಾಕಿರುತ್ತೆ."

"ಆ ಕಂಪನಿಯೋನ ಹತ್ರ ಕೀಲಿ ಇರುತ್ತಲ್ಲ. ಕನ್ನಡಕದೋನ ಥರ ಅಲ್ಲೂ ಒಬ್ಬ ಕೂತಿರ್ತಾನೆ."

"ಅದೇ ವಿಷಯ ಅಕ್ಕ, ಅವರ ಹತ್ರ ಕೀಲಿ ಇರಲ್ಲ," ಅಂದ ತಂತಿಯಣ್ಣ. "ಪೆಟ್ಟಿಗೇಲಿ ಸಾಮಾನು ತುಂಬಿ, ನಿಮ್ಮ ಮನೆಯಲ್ಲೇ ಬೀಗ ಹಾಕಿ, ಕೀಲಿ ನಿಮ್ಮ ಹತ್ರಾನೇ ಇಟ್ಕೊಂಡು, ಪೆಟ್ಟಿಗೆ ಮಾತ್ರ ಗೋದಾಮಿಗೆ ಕಳಿಸಿದ್ರೆ ಹೇಗಿರುತ್ತೆ? ಹಾಗೆ. ಬೀಗ ಬೀಳೋದು ನಿಮ್ಮ ಫೋನಿನ ಒಳಗೆ. ಆ ಬೀಗದ ಕೀಲಿ ಹುಟ್ಟೋದು ನಿಮ್ಮ ಕೀಲಿಮಾತಿಂದ. ಕೀಲಿಮಾತು ಫೋನು ಬಿಟ್ಟು ಆಚೆ ಹೋಗೋದೇ ಇಲ್ಲ. ಕಂಪನಿಗೆ ಹೋಗೋದು ತಲೆಬುಡ ಇಲ್ಲದ ಅಕ್ಷರದ ರಾಶಿ. ನಿಮಗೆ ಬೇಕಾದಾಗ ಆ ರಾಶಿ ವಾಪಸ್ ಬರುತ್ತೆ, ಇಲ್ಲೇ ಬಿಚ್ಚಿಕೊಳ್ಳುತ್ತೆ. ಒಳಗೇನಿದೆ ಅಂತ ಇಟ್ಟುಕೊಂಡೋರಿಗೇ ಗೊತ್ತಿರಲ್ಲ."

"ಹಾಗಂತ ಯಾರು ಹೇಳಿದ್ರು?"

"ಅವರೇ."

"ಕಳ್ಳ ನಾನು ಕಳ್ಳ ಅಂತ ಹೇಳ್ತಾನಾ?"

"ಹೊರಗಿನವರು ಬಂದು ಪರೀಕ್ಷೆ ಮಾಡಿದ್ದಾರೆ ಅಕ್ಕ."

"ಆ ಹೊರಗಿನವರನ್ನ ಯಾರು ಪರೀಕ್ಷೆ ಮಾಡಿದ್ರು?"

ತಂತಿಯಣ್ಣ ತನ್ನ ಕಂಪ್ಯೂಟರಿನಲ್ಲಿ ಹೊರಗೆ ಹೋಗುವ ಅಕ್ಷರದ ರಾಶಿಯನ್ನೇ ತೋರಿಸಿದ. ಬೆಕ್ಕು ಕೀಲಿಮಣೆಯ ಮೇಲೆ ಓಡಾಡಿದ ಹಾಗಿತ್ತು. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿ, "ತೋರಿಸೋನು ನೀನೇ, ಇದು ಅದೇ ಅಂತ ಹೇಳೋನೂ ನೀನೇ" ಅಂದಳು. ಅವನು ವೈರು ಸುತ್ತಿಕೊಂಡು ಎದ್ದುಹೋದ.

ಆದರೆ ಆ ಮಾತು ಅವಳ ತಲೆಯೊಳಗೆ ಹುಳ ಬಿಟ್ಟಿತ್ತು. ಅವಳು ತನ್ನದೇ ರೀತಿಯಲ್ಲಿ ಪರೀಕ್ಷೆ ಮಾಡಲು ಹೊರಟಳು. ತಿಜೋರಿಯನ್ನು ಫೋನಿಗೆ ಹಾಕಿಕೊಂಡಳು. ಅದರೊಳಗೆ ಬರೀ ಸುಳ್ಳು ತುಂಬಿದಳು: ಇಲ್ಲದ ಬ್ಯಾಂಕು, ಇಲ್ಲದ ಅಂಗಡಿ. ಆಮೇಲೆ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನನ್ನ ಕೌಂಟರಿನ ಫೋನಿನಿಂದ ಕಂಪನಿಯ ಸಹಾಯವಾಣಿಗೆ ಕರೆ ಮಾಡಿದಳು. ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು, ಸಾಕ್ಷಿಗೆ.

ಆ ಕಡೆ ಒಬ್ಬ ಹೆಣ್ಣುಮಗಳ ಧ್ವನಿ. ಗುಮಾನಕ್ಕ ಒಂದೇ ಸಲಕ್ಕೆ ಅಳಲು ಶುರು ಮಾಡಿದಳು. ನಾನು ಹೆದರಿಯೇ ಹೋದೆ.

"ಕೀಲಿಮಾತು ಮರೆತುಹೋಗಿದೆ ಕಣಮ್ಮ. ಯಜಮಾನರು ಆಸ್ಪತ್ರೇಲಿ ಇದ್ದಾರೆ. ಎಲ್ಲ ಅದರೊಳಗೇ ಇದೆ. ಒಂದ್ಸಲ ತೆಗೆದುಕೊಡು, ನಿನ್ನ ಹೊಟ್ಟೆ ತಣ್ಣಗಿರಲಿ."

"ಅಮ್ಮ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದರೆ ನಿಮ್ಮ ಕೀಲಿಮಾತು ನಮ್ಮ ಹತ್ರ ಇಲ್ಲ."

"ನಿನ್ನ ಹತ್ರ ಇಲ್ದೆ ಇರ್ಬಹುದು, ನಿನ್ನ ದೊಡ್ಡೋರ ಹತ್ರ ಕೇಳು."

"ಅವರ ಹತ್ರಾನೂ ಇಲ್ಲಮ್ಮ. ಯಾರ ಹತ್ರಾನೂ ಇಲ್ಲ."

ಅಳು ನಿಂತಿತು, ಗದರಿಕೆ ಬಂತು. "ನನ್ನ ತಮ್ಮ ಪೊಲೀಸು. ಕರ್ಕೊಂಡು ಬರ್ತೀನಿ."

"ಬರಲಿ ಅಮ್ಮ. ಬಂದ್ರೂ ನಾವು ಕೊಡೋಕಾಗೋದು ಬೀಗ ಹಾಕಿದ ಗಂಟು ಮಾತ್ರ. ಬಿಚ್ಚೋಕೆ ನಮಗೇ ಬರಲ್ಲ."

ಗದರಿಕೆ ಹೋಗಿ ಬೆಣ್ಣೆ ಬಂತು. "ನೋಡಮ್ಮ, ನಿನ್ನ ಕೈ ಬಿಸಿ ಮಾಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಗುಮಾನಕ್ಕ ನನ್ನ ಕಡೆ ಹುಬ್ಬು ಹಾರಿಸಿದಳು, ಈಗ ಸಿಕ್ಕಿಬೀಳುತ್ತಾಳೆ ಎನ್ನುವ ಹಾಗೆ. ಆಮೇಲೆ ಆ ಹೆಣ್ಣುಮಗಳು ನಿಟ್ಟುಸಿರು ಬಿಟ್ಟು, ನಿಧಾನವಾಗಿ ಮಾತಾಡಿದಳು.

"ಅಮ್ಮ, ಹೋದ ತಿಂಗಳು ನನ್ನ ಸ್ವಂತ ಅಪ್ಪ ಅವರ ಕೀಲಿಮಾತು ಮರೆತ್ರು. ಇದೇ ಕಂಪನೀಲಿ ಕೆಲಸ ಮಾಡೋಳು ನಾನು, ಅವರಿಗೇ ತೆಗೆದುಕೊಡೋಕೆ ಆಗಲಿಲ್ಲ. ಎಲ್ಲ ಹೊಸದಾಗಿ ಮಾಡಿಕೊಂಡ್ರು. ನನಗೆ ಬಯ್ದು ಫೋನ್ ಇಟ್ಟೋರು ಇನ್ನೂ ಮಾತಾಡಿಲ್ಲ. ಗೊತ್ತಿದ್ದಿದ್ರೆ ಅವರಿಗೆ ಹೇಳ್ತಿರ್ಲಿಲ್ವಾ?"

ಗುಮಾನಕ್ಕ ಫೋನ್ ಇಟ್ಟಳು. ಒದ್ದೆಯಾಗಿದ್ದ ಕೆನ್ನೆಯನ್ನು ಕೋಟಿನ ತೋಳಿನಿಂದ ಒರೆಸಿಕೊಂಡಳು.

"ಇವಳಿಗೆ ನಿಜವಾಗ್ಲೂ ಗೊತ್ತಿಲ್ಲ ಕಣೆ," ಅಂದಳು. ಒಬ್ಬರ ಮಾತನ್ನು ಅವಳು ನಂಬಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪೂರ್ತಿ ನಂಬಿದಳು ಎನ್ನುವಂತಿಲ್ಲ. ಇನ್ನೊಂದು ದಿನ ಗಂಡನ ಕೈಗೆ ಫೋನು ಕೊಟ್ಟು ವಕೀಲನ ಹಾಗೆ ಮಾತಾಡು ಎಂದಳು. ಆ ಪಾಪದ ಮನುಷ್ಯ "ನಮಸ್ಕಾರ" ಅಂದವನು ಮುಂದೆ ಏನೂ ತೋಚದೆ "ಕ್ಷಮಿಸಿ" ಎಂದು ಇಟ್ಟುಬಿಟ್ಟ. ಅದಾದ ಮೇಲೇ ಅವಳು ಸುಳ್ಳನ್ನೆಲ್ಲ ಅಳಿಸಿ ನಿಜ ತುಂಬಿದ್ದು. ಕೀಲಿಮಾತಿಗೆ ಒಂದಕ್ಕೊಂದು ಸಂಬಂಧವಿಲ್ಲದ ಪದಗಳನ್ನು ಸಾಲಾಗಿ ಪೋಣಿಸಿದಳು. ಸತ್ತವರ ಹೆಸರಿಲ್ಲ, ಬದುಕಿರುವವರ ಹುಟ್ಟುಹಬ್ಬವಿಲ್ಲ. ಬಾಯಿಪಾಠ ಆಗುವತನಕ ನಳಿಕೆ ಜೋಡಿಸುವಾಗ ತುಟಿ ಅಲ್ಲಾಡುತ್ತಿತ್ತು, ಸದ್ದು ಮಾತ್ರ ಹೊರಡುತ್ತಿರಲಿಲ್ಲ. ಬೆರಳೊತ್ತಿ ತಿಜೋರಿ ತೆಗೆಯುವ ಸೌಕರ್ಯ ಇತ್ತು, ಅದನ್ನು ಬೇಡವೆಂದಳು. "ನಿದ್ದೆ ಮಾಡೋವಾಗ ಬೆರಳು ಯಾರ ಮಾತು ಬೇಕಾದ್ರೂ ಕೇಳುತ್ತೆ."

ಅವಳನ್ನು ನೋಡಿ ಡಾಕ್ಟರಮ್ಮನೂ, ನಾನೂ ಅದನ್ನೇ ಹಾಕಿಕೊಂಡೆವು. ಗುಮಾನಕ್ಕನೇ ನಂಬಿದ್ದಾಳೆಂದರೆ ಇನ್ನೇನು ಬೇಕು?

ಸ್ವಲ್ಪ ಕಾಲದ ಮೇಲೆ ಪತ್ರಿಕೆಯಲ್ಲಿ ಸುದ್ದಿ ಬಂತು. ಅದೇ ಕಂಪನಿಯ ಗೋದಾಮಿಗೆ ಕಳ್ಳರು ನುಗ್ಗಿ ಗಂಟುಗಳನ್ನು ನಕಲು ಮಾಡಿಕೊಂಡು ಹೋಗಿದ್ದರು. ಡಾಕ್ಟರಮ್ಮ ಪತ್ರಿಕೆ ಹಿಡಿದು ಓಡಿಬಂದರು. ಗುಮಾನಕ್ಕ ಮಾತ್ರ ತಂತಿಯಣ್ಣನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದಳು. "ಗಂಟು ಹೋಯ್ತೋ, ಕೀಲಿನೂ ಹೋಯ್ತೋ?"

"ಗಂಟು ಮಾತ್ರ. ಕೀಲಿ ಅಲ್ಲಿ ಇರಲೇ ಇಲ್ವಲ್ಲ. ಆದರೆ ಕಳ್ಳರು ಮನೇಲಿ ಕೂತು ಸಾವಕಾಶವಾಗಿ ಒಂದೊಂದೇ ಕೀಲಿ ಹಾಕಿ ನೋಡ್ತಾರೆ. ಕೀಲಿಮಾತು ಚಿಕ್ಕದಿದ್ರೆ ಬೇಗ ಸಿಗುತ್ತೆ. ನಿಮ್ಮದು ಉದ್ದ ಇದ್ರೆ ಅವರ ಮೊಮ್ಮಕ್ಕಳ ಕಾಲಕ್ಕೂ ಸಿಗಲ್ಲ."

ಡಾಕ್ಟರಮ್ಮನ ಕೀಲಿಮಾತು ಚಿಕ್ಕದಿತ್ತು. ಅವತ್ತು ಮಧ್ಯಾಹ್ನವೆಲ್ಲ ಕೂತು ಒಳಗಿದ್ದ ಪಾಸ್‌ವರ್ಡುಗಳಲ್ಲಿ ಒಂದೊಂದನ್ನೇ ಬದಲಾಯಿಸಿದರು. ಗುಮಾನಕ್ಕನದು ಉದ್ದವೇ ಇತ್ತು. ಆದರೂ ಬ್ಯಾಂಕಿನದನ್ನೂ ಲ್ಯಾಬಿನದನ್ನೂ ಬದಲಾಯಿಸಿದಳು. "ತಂತಿಯಣ್ಣನ ಲೆಕ್ಕ ತಪ್ಪಿರಬಹುದು" ಎಂದಳು.

ಮುಂದೆ ಅವಳಿಗೆ ಗರ್ಭಕೋಶದಲ್ಲಿ ಗಡ್ಡೆ ಕಂಡಿತು. ಆಪರೇಷನ್ ಆಗಬೇಕಿತ್ತು. ಊರಿನವರ ರಕ್ತವನ್ನೆಲ್ಲ ತೆಗೆದವಳಿಗೆ ತನಗೆ ಅರಿವಳಿಕೆ ಕೊಡುತ್ತಾರೆ ಎನ್ನುವುದೇ ದೊಡ್ಡ ಭಯ. ಎಚ್ಚರವಿಲ್ಲದೆ ಅಪರಿಚಿತರ ನಡುವೆ ಮಲಗುವುದು ಅವಳ ಜಾಯಮಾನಕ್ಕೆ ಒಗ್ಗುವ ಮಾತಲ್ಲ. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಚಿಂತೆ ಕೊರೆಯತೊಡಗಿತು. ತಾನು ಏಳದಿದ್ದರೆ? ವಿಮೆ, ಬ್ಯಾಂಕು, ಮನೆಯ ತೆರಿಗೆ, ಎಲ್ಲ ತಿಜೋರಿಯೊಳಗೆ. ಕೀಲಿ ತನ್ನ ತಲೆಯೊಳಗೆ. ಯಾರಿಗೂ ಗೊತ್ತಿಲ್ಲ ಎನ್ನುವುದೇ ಅದರ ಹೆಚ್ಚುಗಾರಿಕೆಯಾಗಿತ್ತು. ಈಗ ಅದೇ ಗಂಟಲಿಗೆ ಸಿಕ್ಕಿಕೊಂಡಿತ್ತು.

"ನಿನ್ನ ಯಜಮಾನರಿಗೆ ಹೇಳು," ಅಂದೆ.

"ಅವರು ಒಳ್ಳೆಯವರು. ಒಳ್ಳೆಯವರನ್ನೇ ಜನ ಬಾಯಿ ಬಿಡಿಸೋದು. ಯಾರಾದ್ರೂ ನಗ್ತಾ ಕೇಳಿದ್ರೆ ಹೇಳಿಬಿಡ್ತಾರೆ."

ಯೋಚಿಸಿ ಯೋಚಿಸಿ, ಒಂದು ಸಂಜೆ ಕೆಳಮನೆಯ ಬಾಗಿಲು ಬಡಿದಳು. ಓರಗಿತ್ತಿ ಬಾಗಿಲು ತೆಗೆದಳು, ಒಳಗೆ ಕರೆಯಲಿಲ್ಲ. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಗುಮಾನಕ್ಕ ಆಪರೇಷನ್ನಿನ ವಿಷಯ ಹೇಳಿದಳು, ತಿಜೋರಿಯ ವಿಷಯ ಹೇಳಿದಳು. "ಕೀಲಿಮಾತು ನಿನ್ನ ಹತ್ರ ಇರಲಿ ಅಂತ ಬಂದೆ" ಎಂದಳು.

"ಬೇಡ."

"ಯಾಕೆ?"

"ಯಾಕೆ ಅಂತ ಕೇಳ್ತೀಯಲ್ಲ! ನಾಳೆ ನಿನ್ನ ಮನೇಲಿ ಒಂದು ಚಮಚ ಕಾಣೆಯಾದ್ರೂ ಕೆಳಗೆ ಇಳಿದು ಬರ್ತೀಯ. ನನಗೆ ಗೊತ್ತಿಲ್ಲದೆ ಇರೋದೇ ಕ್ಷೇಮ. ಆ ಕಂಪನಿಯೋರು ಜಾಣರು. ಗೊತ್ತಿಲ್ಲದೋರ ಮೇಲೆ ಯಾರು ಅಪವಾದ ಹೊರಿಸ್ತಾರೆ?"

ಗುಮಾನಕ್ಕ ಹೊಸ್ತಿಲ ಆಚೆಯೇ ನಿಂತಿದ್ದಳು. ಮೈದುನ ಒಳಗಿನಿಂದ ಇಣುಕಿ ಮತ್ತೆ ಒಳಗೇ ಹೋದ.

"ಅವತ್ತು ಮೆಟ್ಟಿಲ ಮೇಲೆ ನಾನು ಆಡಿದ ಮಾತು..." ಅಂದಳು. ಹೊಸ್ತಿಲು ನೋಡುತ್ತ ಮತ್ತೆ ಶುರು ಮಾಡಿದಳು. "ತಪ್ಪಾಯ್ತು. ಗೊತ್ತಾದ ದಿನಾನೇ ಹೇಳ್ಬೇಕಿತ್ತು. ಹೇಳೋಕೆ ಬರಲಿಲ್ಲ."

ಓರಗಿತ್ತಿ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡಿದಳು. "ಪೂರ್ತಿ ಬೇಡ. ಅರ್ಧ ಹೇಳು. ಇನ್ನರ್ಧ ಭಾವನಿಗೆ ಹೇಳು. ಅರ್ಧ ಗೊತ್ತಿದ್ರೆ ಅಪವಾದಾನೂ ಅರ್ಧ ತಾನೇ?"

ಹಾಗೇ ಮಾಡಿದರು. ಮೊದಲರ್ಧ ಗಂಡನಿಗೆ, ಉಳಿದರ್ಧ ಓರಗಿತ್ತಿಗೆ. ಇಬ್ಬರಿಂದಲೂ ಬರೆದುಕೊಳ್ಳುವುದಿಲ್ಲ ಎಂದು ಆಣೆ ಮಾಡಿಸಿದಳು. ಫೋನ್ ಹೇಗೆ ತೆರೆಯುವುದು ಎಂದು ಗಂಡನಿಗೆ ತೋರಿಸಿಕೊಟ್ಟು, ಆಸ್ಪತ್ರೆಗೆ ಹೋಗುವ ಮುಂಚೆ ಅರ್ಧವನ್ನು ಒಪ್ಪಿಸಲು ಹೇಳಿದಳು. ಅವನು ಶಾಲೆಯ ಪದ್ಯದ ಹಾಗೆ ಒಪ್ಪಿಸಿದ.

ಆಪರೇಷನ್ ಆಯಿತು, ಆದರೆ ಜ್ವರ ಹಿಡಿದುಕೊಂಡಿತು. ಅವಳಿಗೆ ಸರಿಯಾಗಿ ಎಚ್ಚರವಿಲ್ಲದೆ ದಿನಗಳು ಹೋದವು. ಆಸ್ಪತ್ರೆಯವರು ವಿಮೆಯ ಒಪ್ಪಿಗೆ ಬೇಕೆಂದರು. ಅದು ಅವಳ ಖಾತೆಯೊಳಗಿಂದಲೇ ಆಗಬೇಕಿತ್ತು. ನಾನು ಅವಳನ್ನು ನೋಡಲು ಹೋದಾಗ ಕಾರಿಡಾರಿನ ಬೆಂಚಿನ ಮೇಲೆ ಗುಮಾನಕ್ಕನ ಗಂಡ ಮತ್ತು ಓರಗಿತ್ತಿ ಅಕ್ಕಪಕ್ಕ ಕೂತಿದ್ದರು, ನಡುವೆ ಅವಳ ಫೋನು.

ಗಂಡ ತನ್ನ ಅರ್ಧ ಒತ್ತಿದ. ಓರಗಿತ್ತಿ ಫೋನ್ ತೆಗೆದುಕೊಂಡು, "ಆ ಕಡೆ ನೋಡಿ" ಎಂದಳು. ಅವನು ಗೋಡೆಯ ಕಡೆ ತಿರುಗಿದ. ನಾನೂ ತಿರುಗಿದೆ. ಮೊದಲನೆಯ ಸಲ ತೆರೆಯಲಿಲ್ಲ.

"ಭಾವ, ನಿಮ್ಮದು ಸರಿ ಇತ್ತಾ?"

"ಇತ್ತು. ನಿಂದು?"

ಇಬ್ಬರೂ ಒಬ್ಬರನ್ನೊಬ್ಬರು ಸಂಶಯದಿಂದ ನೋಡಿಕೊಂಡರು. ಕೊನೆಗೆ ಗಂಡನೇ ಒಂದು ಪದದ ಒತ್ತಕ್ಷರ ನುಂಗಿದ್ದು ತಿಳಿಯಿತು. ಎರಡನೆಯ ಸಲ ತಿಜೋರಿ ತೆರೆಯಿತು. ವಿಮೆಯದನ್ನು ಮಾತ್ರ ತೆಗೆದು, ಕೆಲಸ ಮುಗಿಸಿ ಮುಚ್ಚಿದರು.

ಜ್ವರ ಇಳಿದು ಕಣ್ಣು ಬಿಟ್ಟವಳಿಗೆ ಗಂಡ ನಡೆದದ್ದನ್ನೆಲ್ಲ ಹೇಳಿದ. ಗುಮಾನಕ್ಕ ಒಣಗಿದ ತುಟಿ ನೆಕ್ಕಿಕೊಂಡು, ಮಂಚದ ಪಕ್ಕ ನಿಂತ ಓರಗಿತ್ತಿಯನ್ನು ನೋಡಿದಳು.

"ಏನೇನು ನೋಡಿದ್ರಿ?"

"ಎಲ್ಲಾ ನೋಡಿದ್ವಿ," ಅಂದಳು ಓರಗಿತ್ತಿ. "ಏನಿವಾಗ?"

ಗುಮಾನಕ್ಕ ನಗಲು ಹೋದಳು. ಹೊಲಿಗೆ ಎಳೆದು ನೋವಾಗಿ ಹೊಟ್ಟೆ ಹಿಡಿದುಕೊಂಡಳು.

ಮನೆಗೆ ಬಂದು ಎದ್ದು ಕೂರುವ ಹಾಗಾದ ಕೂಡಲೇ ಅವಳು ಕೀಲಿಮಾತು ಬದಲಾಯಿಸಿದಳು. ನನಗೇನೂ ಆಶ್ಚರ್ಯವಾಗಲಿಲ್ಲ. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಕೆಳಮನೆಗೆ ಹೋಗಿ, ಓರಗಿತ್ತಿಯ ಹೊಲಿಗೆಯಂತ್ರ ನಿಲ್ಲಿಸಿ, ಹೊಸ ಅರ್ಧವನ್ನು ಕಿವಿಯಲ್ಲಿ ಹೇಳಿದಳಂತೆ.

"ಇದೆಂಥ ಪದಗಳನ್ನ ಹುಡುಕ್ತೀಯೆ, ನಾಲಿಗೆ ಹೊರಳಲ್ಲ," ಎಂದು ಓರಗಿತ್ತಿ ಗೊಣಗಿದಳಂತೆ.

"ಹೊರಳಿಸು. ಇನ್ನೊಂದ್ಸಲ ಹೇಳು. ಮೆಲ್ಲಗೆ, ಕಿಟಕಿ ತೆಗೆದಿದೆ."